ಬಾಡಿಗೆಯ ಠೇವಣಿ: ಕೊಟ್ಟವರದೋ, ಇಟ್ಟುಕೊಂಡವರದೋ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿಯ ರಾಶಿ ಮುಗಿದು ಕೈಗೆ ರೊಕ್ಕ ಬರುವುದು ವರ್ಷಕ್ಕೊಮ್ಮೆ. ಬೀಜ-ಗೊಬ್ಬರದ ಬಾಕಿ, ಆಡತಿ ಅಂಗಡಿಯ ಸಾಲ, ಮನೆಯ ಮದುವೆ-ಮುಂಜಿ ಎಲ್ಲ ಕಳೆದು ಉಳಿಯುವ ಅಷ್ಟಿಷ್ಟು ಹಣವೂ ಈಗ ಹಲವು ಮನೆಗಳಲ್ಲಿ ಊರಲ್ಲಿ ನಿಲ್ಲುವುದಿಲ್ಲ. ಓದಲೆಂದೋ ದುಡಿಯಲೆಂದೋ ಬೆಂಗಳೂರಿಗೆ, ಪುಣೆಗೆ, ಸೊಲ್ಲಾಪುರಕ್ಕೆ, ಹೈದರಾಬಾದಿಗೆ ಹೋದ ಮಕ್ಕಳ ಬಾಡಿಗೆ ಮನೆಯ ಠೇವಣಿಯಾಗಿ ಅದು ಪರವೂರಿನ ಯಾರದೋ ಖಾತೆಯಲ್ಲಿ ಹೋಗಿ ಕೂರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ರೂಢಿ. ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಸಣ್ಣ ಮನೆಗೂ ಈ ಲೆಕ್ಕದಲ್ಲಿ 1,20,000 ರೂಪಾಯಿ ಎಣಿಸಬೇಕು. ಒಣಬೇಸಾಯದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಕೊಡುವಾಗ ಒಂದೇ ದಿನದಲ್ಲಿ ಮುಗಿಯುವ ಈ ವ್ಯವಹಾರ, ಮರಳಿ ಪಡೆಯುವಾಗ ಮಾತ್ರ ತಿಂಗಳುಗಟ್ಟಲೆ ಎಳೆಯುತ್ತದೆ. ಮನೆಯ ಮಾಲೀಕ ಮಹಡಿಯ ಮೇಲೆಯೇ ಇದ್ದ ಕಾಲದಲ್ಲಿ ಎದುರು ನಿಂತು ಕೇಳಬಹುದಿತ್ತು, ನಾಲ್ಕು ಜನರನ್ನು ಕೂಡಿಸಿ ಮಾತಾಡಿಸಬಹುದಿತ್ತು. ಈಗ ಅನೇಕ ಕಡೆ ಮನೆಗಳನ್ನು ನೋಡಿಕೊಳ್ಳುವುದು ಕಂಪನಿಗಳು. ಮಾಲೀಕರಿಂದ ಕಟ್ಟಡವನ್ನು ಒಟ್ಟಾಗಿ ಪಡೆದು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುವ ಈ ಸಂಸ್ಥೆಗಳಿಗೆ ಮುಖವಿಲ್ಲ. ಕೇಳಿದರೆ ಲೆಕ್ಕಪತ್ರ ವಿಭಾಗದ ಹೆಸರು ಬರುತ್ತದೆ. ಆ ವಿಭಾಗ ಎಲ್ಲಿದೆಯೆಂದು ಹೇಳುವವರು ಸಿಗುವುದಿಲ್ಲ. ಜೇವರ್ಗಿಯಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರ್. ಒಮ್ಮೆ ಹೋಗಿ ಕೇಳಿ ಬರಲು ಎರಡು ರಾತ್ರಿಯ ಪ್ರಯಾಣ, ಒಂದೆರಡು ದಿನದ ಕೂಲಿ ಖೋತಾ. ನಾಲ್ಕು ಬಾರಿ ಹೋದರೆ ಬರಬೇಕಾದ ಹಣದಲ್ಲಿ ಒಂದಿಷ್ಟು ಬಸ್ಸಿಗೇ ಸಂದಾಯವಾಗುತ್ತದೆ. ಹಣ ಇಟ್ಟುಕೊಂಡವರಿಗೂ ಈ ಲೆಕ್ಕ ಗೊತ್ತಿರುತ್ತದೆ. ಆದ್ದರಿಂದಲೇ ಎಷ್ಟೋ ಜನ ಅರ್ಧಕ್ಕೆ ಒಪ್ಪಿಕೊಂಡು ಕೈ ತೊಳೆದುಕೊಳ್ಳುತ್ತಾರೆ.

ಹಾಗಾದರೆ ಈ ಹಣ ಯಾರದು? ಕೊಟ್ಟವರದೆಂಬುದು ಎಲ್ಲರ ಬಾಯಲ್ಲೂ ಬರುವ ಉತ್ತರ. ಆದರೆ ನಡೆಯುವುದು ಇಟ್ಟುಕೊಂಡವರದೇ ಎಂಬಂತೆ. ನಮ್ಮ ಭಾಷೆಯಲ್ಲಿ ಈ ಹಣಕ್ಕಿರುವ ಹೆಸರುಗಳನ್ನು ನೋಡಿದರೆ ಗೊಂದಲ ಹೊಸದಲ್ಲ ಎನಿಸುತ್ತದೆ. ಕಲಬುರಗಿ ಸೀಮೆಯ ಹಳಬರು ಇದನ್ನು ‘ಅನಾಮತ್ತು’ ಎನ್ನುತ್ತಾರೆ. ಮೂಲ ಅರಬ್ಬಿಯ ‘ಅಮಾನತ್’. ನಂಬಿ ಒಪ್ಪಿಸಿದ ವಸ್ತು ಎಂದರ್ಥ. ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದು ಸಂಸ್ಥಾನದ ಈ ಭಾಗದಲ್ಲಿ ಆ ಮಾತು ಕಚೇರಿಗೂ ಬಜಾರಿಗೂ ಚೆನ್ನಾಗಿ ಪರಿಚಿತ. ಕನ್ನಡದಲ್ಲಿ ಅದೇ ಪದ ವಿಚಿತ್ರ ದಾರಿ ಹಿಡಿಯಿತು. ‘ಅಮಾನತ್ತು’ ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು ಎಂದಾಯಿತು. ‘ಅನಾಮತ್ತಾಗಿ ಎತ್ತಿಕೊಂಡು ಹೋದ’ ಎಂದರೆ ಇಡಿಯಾಗಿ ಹೊತ್ತೊಯ್ದ ಎಂದಾಯಿತು. ಠೇವಣಿಯ ಗತಿಯನ್ನು ಬಲ್ಲವರಿಗೆ ಈ ಎರಡನೆಯ ಅರ್ಥ ಹುಟ್ಟಿದ್ದು ಆಶ್ಚರ್ಯವೆನಿಸದು. ‘ಠೇವಣಿ’ಯ ಹಿಂದೆ ಇಡುವುದೆಂಬ ಅರ್ಥದ ಮರಾಠಿ ಧಾತು ಇದೆ. ಮುಂಬಯಿಯ ‘ಪಗಡಿ’ಯ ಮಾತೇ ಬೇರೆ. ಪಗಡಿ ಎಂದರೆ ಮುಂಡಾಸು. ಬಾಡಿಗೆಯ ಹಕ್ಕಿಗಾಗಿ ಕೊಡುವ ಆ ಹಣ ಗೌರವದ ಕಾಣಿಕೆಯ ವೇಷದಲ್ಲಿತ್ತು, ಠೇವಣಿಯಂತೆ ಹಿಂದಿರುಗಬೇಕಾದ್ದಾಗಿರಲಿಲ್ಲ.

‘ಮುಂಗಡ’ ಎಂಬ ಪದಕ್ಕೂ ಈ ಸೀಮೆಯಲ್ಲಿ ಎರಡು ಮುಖ. ಕಬ್ಬು ಕಡಿಯಲು, ಇಟ್ಟಂಗಿ ಸುಡಲು ಹೋಗುವ ಕೂಲಿಕಾರ ಗುತ್ತಿಗೆದಾರನಿಂದ ಮುಂಗಡ ಪಡೆಯುತ್ತಾನೆ. ಆ ಹಣ ಬೆವರಿನ ರೂಪದಲ್ಲಿ ಕೊನೆಯ ಪೈಸೆಯವರೆಗೂ ವಸೂಲಾಗುತ್ತದೆ. ಅದೇ ಮನುಷ್ಯ ನಗರದಲ್ಲಿ ಮನೆಗೆಂದು ತಾನು ಮುಂಗಡ ಕೊಟ್ಟಾಗ ವಸೂಲಿಯ ಆ ಶಿಸ್ತು ಎಲ್ಲಿಗೋ ಮಾಯವಾಗುತ್ತದೆ.

ಇಟ್ಟ ವಸ್ತುವನ್ನು ಹಿಂದಿರುಗಿಸುವ ನ್ಯಾಯವನ್ನು ಕುರಿತು ಭಾರತದಲ್ಲಿ ಬಹಳ ಹಿಂದೆಯೇ ಕೂಲಂಕಷವಾಗಿ ಯೋಚಿಸಿದವರುಂಟು. ಅವರಲ್ಲಿ ಒಬ್ಬನು ಇದೇ ಸೀಮೆಯವನು ಎಂಬುದು ಗಮನಾರ್ಹ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಕಾಲದವನು. ಕಲ್ಯಾಣ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕಲಬುರಗಿ ಜಿಲ್ಲೆಯ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರತೀತಿ. ಮಿತಾಕ್ಷರವೆಂದರೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ಶಾಸ್ತ್ರ ಎಂದೇ ಬಹುಮಂದಿಯ ತಿಳಿವಳಿಕೆ. ಅದಕ್ಕೆ ಕಾರಣ, ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದದ್ದು ಅದರ ದಾಯಭಾಗದ ಪ್ರಕರಣವನ್ನು, ಬ್ರಿಟಿಷ್ ನ್ಯಾಯಾಲಯಗಳು ಹಿಡಿದುಕೊಂಡದ್ದೂ ಅದನ್ನೇ. ಆದರೆ ಸಾಲ, ಒತ್ತೆ, ಇಡುಗಂಟು, ಕೂಲಿ, ಕ್ರಯ-ವಿಕ್ರಯ ಎಲ್ಲವೂ ಆ ಗ್ರಂಥದ ವ್ಯವಹಾರಾಧ್ಯಾಯದಲ್ಲಿವೆ.

ಅಲ್ಲಿ ‘ಉಪನಿಧಿ’ ಎಂಬ ಒಂದು ಪ್ರಕರಣ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಒಳಗೇನಿದೆಯೆಂದು ಹೇಳದೆ, ನಂಬಿಕೆಯ ಮೇಲೆ ಇನ್ನೊಬ್ಬರ ಕೈಗೆ ಕೊಟ್ಟದ್ದು ಉಪನಿಧಿ. ಎಣಿಸಿ, ತೋರಿಸಿ ಕೊಟ್ಟದ್ದು ನಿಕ್ಷೇಪ. ಎರಡನ್ನೂ ಇದ್ದ ಹಾಗೆಯೇ ಹಿಂದಿರುಗಿಸಬೇಕು. ರಾಜನು ಕಸಿದರೆ, ದೈವವಶದಿಂದ ನಾಶವಾದರೆ, ಕಳ್ಳರು ಒಯ್ದರೆ ಇಟ್ಟುಕೊಂಡವನ ಮೇಲೆ ಹೊರೆಯಿಲ್ಲ. ಇಷ್ಟು ಸಹಜ. ಮುಂದಿನ ಎರಡು ಮಾತು ಸ್ವಾರಸ್ಯಕರ. ಒಡೆಯ ಬಂದು ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಿದ್ದು, ಆಮೇಲೆ ಅದು ದೈವವಶದಿಂದಲೇ ನಾಶವಾದರೂ, ಇಟ್ಟುಕೊಂಡವನು ಅದರ ಬೆಲೆ ತೆರಬೇಕು. ಜೊತೆಗೆ ಅಷ್ಟೇ ದಂಡ. ಇನ್ನು ಒಡೆಯನ ಒಪ್ಪಿಗೆಯಿಲ್ಲದೆ ಅದನ್ನು ತನ್ನ ವ್ಯವಹಾರಕ್ಕೆ ಬಳಸಿ ಜೀವನ ಮಾಡಿದರೆ, ಶಿಕ್ಷೆಯೂ ಉಂಟು, ವಸ್ತುವನ್ನು ಬಡ್ಡಿ ಸಮೇತ ಕೊಡುವ ಹೊಣೆಯೂ ಉಂಟು. ಅಂದರೆ ‘ಕೇಳಿದ ದಿನ’ವೇ ಇಡೀ ವ್ಯವಹಾರದ ತಿರುಗಣಿ. ಕೇಳುವವರೆಗೆ ಇಟ್ಟುಕೊಂಡವನು ಕಾವಲುಗಾರ. ಕೇಳಿದ ಮೇಲೂ ಕೊಡದಿದ್ದರೆ ಅವನು ಬೇರೆ ಜಾತಿಗೆ ಸೇರಿದವನು.

ಒತ್ತೆಯ ವಿಚಾರದಲ್ಲೂ ಇಂಥದೇ ಸೂಕ್ಷ್ಮ ವಿಂಗಡಣೆಯಿದೆ. ಕಾದಿಡಲು ಮಾತ್ರ ಕೊಟ್ಟ ಒತ್ತೆ ‘ಗೋಪ್ಯ’, ಅನುಭವಿಸಲು ಕೊಟ್ಟದ್ದು ‘ಭೋಗ್ಯ’. ಕಾದಿಡಬೇಕಾದದ್ದನ್ನು ಬಳಸಿದರೆ ಸಾಲಕ್ಕೆ ಬಡ್ಡಿ ಕೇಳುವ ಹಕ್ಕು ಹೋಗುತ್ತದೆ. ಭೋಗ್ಯವೆಂಬ ಪದ ಇಂದಿಗೂ ಬೆಂಗಳೂರಿನ ಗೋಡೆಗಳ ಮೇಲೆ, ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕಗಳಲ್ಲಿ ಬದುಕಿದೆ. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ಹಣ ಮರಳಿ ಪಡೆಯುವ ಪದ್ಧತಿ ಅದು. ದಕ್ಷಿಣ ಕೊರಿಯಾದಲ್ಲಿ ಇಂಥದೇ ಪದ್ಧತಿಗೆ ‘ಜಾನ್ಸೆ’ ಎಂದು ಹೆಸರು. ಠೇವಣಿ ಮರಳಿಸಲಾಗದ ಮಾಲೀಕರಿಂದ ಅಲ್ಲಿನ ಸಾವಿರಾರು ಜನ ಬೀದಿಗೆ ಬಿದ್ದು, 2023ರಲ್ಲಿ ಆ ಸರ್ಕಾರ ವಿಶೇಷ ಕಾನೂನನ್ನೇ ತರಬೇಕಾಯಿತು. ಇಲ್ಲಿ ಅಪಾಯ ಬೇರೊಂದು ಕಡೆಯಿಂದಲೂ ಬರಬಹುದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ಹೇಳಿದರೂ ನೋಂದಣಿ ಮಾಡಿಸುವವರು ವಿರಳ. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಬ್ಯಾಂಕು ಸ್ವಾಧೀನಕ್ಕೆ ಬಂದರೆ, ಹನ್ನೊಂದು ತಿಂಗಳ ಛಾಪಾ ಕಾಗದ ಹಿಡಿದವನ ಮಾತಿಗೆ ಬೆಲೆ ಕಡಿಮೆ.

ಹಳೆಯ ಶಾಸ್ತ್ರಕ್ಕೂ ಇಂದಿನ ಕಾನೂನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಪೆಟ್ಟಿಗೆಯನ್ನು ಇಟ್ಟರೆ ಅದೇ ಪೆಟ್ಟಿಗೆ ಮರಳಬೇಕು. ಹಣ ಕೊಟ್ಟರೆ ಅದೇ ನೋಟು ಮರಳಬೇಕಿಲ್ಲ, ಅಷ್ಟು ಮೊತ್ತ ಮರಳಿದರೆ ಸಾಕು. ಹೀಗಾಗಿ ಇಂದಿನ ದೃಷ್ಟಿಯಲ್ಲಿ ಬಾಡಿಗೆಯ ಠೇವಣಿ ಸಾಮಾನ್ಯವಾಗಿ ಒಂದು ಋಣ. ಕಂಪನಿ ಅದನ್ನು ತನ್ನ ವ್ಯವಹಾರದಲ್ಲಿ ತೊಡಗಿಸದಂತೆ ತಡೆಯುವ ಕಟ್ಟು ಇಲ್ಲ. ಕಂಪನಿ ದಿವಾಳಿಯೆದ್ದರೆ ಬ್ಯಾಂಕುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಜರ್ಮನಿಯಲ್ಲಿ ಹೀಗಲ್ಲ. ಅಲ್ಲಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಅದನ್ನು ಮಾಲೀಕನ ಸ್ವಂತ ಆಸ್ತಿಯಿಂದ ಬೇರೆಯಾಗಿಡಬೇಕು. ಬಡ್ಡಿ ಬಾಡಿಗೆದಾರನಿಗೇ ಸೇರಬೇಕು. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಬಹುತೇಕ ಖಾಸಗಿ ಬಾಡಿಗೆಗಳ ಠೇವಣಿಯನ್ನು ಸರ್ಕಾರ ಒಪ್ಪಿದ ಸಂರಕ್ಷಣಾ ಯೋಜನೆಯ ಅಡಿಯಲ್ಲಿಡಬೇಕು. ತಪ್ಪಿದರೆ ಠೇವಣಿಯ ಮೂರು ಪಟ್ಟಿನವರೆಗೆ ದಂಡ. ವಿಜ್ಞಾನೇಶ್ವರನಿಗೆ ಈ ಎರಡೂ ಏರ್ಪಾಡು ಸುಲಭವಾಗಿ ಅರ್ಥವಾಗುತ್ತಿದ್ದವು.

ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯ ಜೊತೆಗೆ ಪಗಡಿಯಂಥ ಹಣ ಕೇಳುವುದನ್ನು ನಿರ್ಬಂಧಿಸಿತ್ತು. ಕಾಗದದ ಮೇಲಿನ ನಿರ್ಬಂಧ ಅದು. ಒಮ್ಮೆ ಒಳಬಂದ ಬಾಡಿಗೆದಾರನನ್ನು ಬಿಡಿಸುವುದು ಮಾಲೀಕರಿಗೆ ದುಸ್ತರವಾಗಿದ್ದ ಆ ದಿನಗಳಲ್ಲಿ ದೊಡ್ಡ ಮುಂಗಡ ಅವರ ಪಾಲಿಗೆ ವಿಮೆಯಂತಿತ್ತು. ನ್ಯಾಯವಾಗಿ ನೋಡಿದರೆ ಆ ಭಯಕ್ಕೆ ಕಾರಣವೂ ಇತ್ತು. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಾಗ ಹಳೆಯದು ಹೋಯಿತು. ಆದರೆ ಹೊಸ ಕಾಯಿದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗಳಿಗೆ ಅನ್ವಯಿಸುವುದಿಲ್ಲ. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಮನೆ ಹುಡುಕಹೊರಟವನಿಗೆ ಶುಭ ಕೋರಬಹುದಷ್ಟೆ. ಮಿಕ್ಕವರಿಗೆ ಉಳಿದದ್ದು ಹಳೆಯ ಎರಡು ಕಾನೂನುಗಳು: 1872ರ ಕರಾರು ಕಾಯಿದೆ ಮತ್ತು 1882ರ ಆಸ್ತಿ ವರ್ಗಾವಣೆ ಕಾಯಿದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಎಂದು ಹೇಳುತ್ತದೆ. ಮನೆ ಬಿಟ್ಟುಕೊಡುವಾಗಲೇ, ಸಲ್ಲುವ ಕಡಿತ ಮಾಡಿ, ಹಿಂದಿರುಗಿಸಬೇಕೆಂದೂ ಹೇಳುತ್ತದೆ. ಆದರೆ ಮಾದರಿ ಎಂದರೆ ಮಾದರಿ. ರಾಜ್ಯದ ಶಾಸನಸಭೆ ಕಾನೂನು ಮಾಡದೆ ಅದಕ್ಕೆ ಜೀವವಿಲ್ಲ.

ಹಳೆಯ ಕಾನೂನುಗಳೆಂದು ಅವನ್ನು ಕಡೆಗಣಿಸಬೇಕಿಲ್ಲ. ಕಂಪನಿಗಳು ಮಾಡುವ ಕಡಿತಗಳಲ್ಲಿ ಮುಖ್ಯವಾದದ್ದು ಸುಣ್ಣಬಣ್ಣದ ಖರ್ಚು. ಒಂದು ತಿಂಗಳ ಬಾಡಿಗೆಯನ್ನೇ ಇದಕ್ಕೆಂದು ಹಿಡಿಯುವುದು ಬೆಂಗಳೂರಿನ ರೂಢಿ. ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು ನಿಜ. ಆದರೆ ಸಹಜ ಬಳಕೆಯಿಂದಾದ ಸವೆತಕ್ಕೆ ಅವನು ಹೊಣೆಯಲ್ಲವೆಂದು ಅದೇ ಕಲಮು ಹೇಳುತ್ತದೆ. ಮೂರು ವರ್ಷದಲ್ಲಿ ಗೋಡೆ ಮಾಸುವುದು ಸವೆತ. ಗೋಡೆ ಒಡೆದರೆ ಅದು ಹಾನಿ. ಬಣ್ಣದ ಖರ್ಚನ್ನು ಕರಾರಿನಲ್ಲೇ ಬರೆದು ಸಹಿ ಹಾಕಿಸಿಕೊಂಡಿದ್ದರೆ ಮಾತ್ರ ಈ ವಾದದ ಬಲ ಕುಗ್ಗುತ್ತದೆ.

‘ಅವಧಿಗೆ ಮುಂಚೆ ಬಿಟ್ಟರೆ ಠೇವಣಿ ಪೂರ್ತಿ ಮುಟ್ಟುಗೋಲು’ ಎಂಬಂಥ ಷರತ್ತಿನ ಮಾತು ಬೇರೆ. ಸಹಿ ಹಾಕಿದ್ದೇವೆ, ಇನ್ನೇನು ಮಾಡುವುದು ಎಂದು ಕೈಚೆಲ್ಲುವವರೇ ಹೆಚ್ಚು. ಕರಾರು ಕಾಯಿದೆಯ 74ನೆಯ ಕಲಮಿನಂತೆ, ದಂಡದ ಮೊತ್ತವನ್ನು ಮೊದಲೇ ಬರೆದಿಟ್ಟಿದ್ದರೂ ಸಲ್ಲುವುದು ನ್ಯಾಯೋಚಿತ ಪರಿಹಾರವಷ್ಟೆ. ಬರೆದ ಮೊತ್ತ ಅದರ ಮೇಲ್ಮಿತಿ. ಮೊದಲೇ ಕೊಟ್ಟ ಹಣದ ಮುಟ್ಟುಗೋಲಿಗೂ ಈ ತತ್ವ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 1963ರ ಫತೇಚಂದ್ ಪ್ರಕರಣದಲ್ಲಿ ಹೇಳಿತು. 2015ರಲ್ಲಿ ಕೈಲಾಸನಾಥ್ ಅಸೋಸಿಯೇಟ್ಸ್ ಎಂಬ ಸಂಸ್ಥೆ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲೂ ಅದನ್ನೇ ಎತ್ತಿಹಿಡಿದು, ಪ್ರಾಧಿಕಾರಕ್ಕೆ ನಷ್ಟವೇ ಆಗಿಲ್ಲವೆಂದು ಕಂಡು, ಮುಟ್ಟುಗೋಲು ಹಾಕಿಕೊಂಡ 78 ಲಕ್ಷ ರೂಪಾಯಿ ಮರಳಿಸಲು ಒಪ್ಪಿತು. ಅವು ನಿವೇಶನ, ಜಮೀನಿನ ಪ್ರಕರಣಗಳು, ಬಾಡಿಗೆಯವಲ್ಲ. ಆದರೂ ಮನೆ ಖಾಲಿಯಾದ ಮರುವಾರವೇ ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟ ಕಂಪನಿಯನ್ನು ‘ನಿಮಗಾದ ನಷ್ಟವೆಷ್ಟು?’ ಎಂದು ಕೇಳಲು ಈ ತೀರ್ಪುಗಳು ಬಾಯಿ ಕೊಡುತ್ತವೆ.

ಕೇಳುವುದು ಹೇಗೆ ಎಂಬುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಫೋನಿನಲ್ಲಿ ನೂರು ಬಾರಿ ಕೇಳಿದರೂ ಕಾನೂನಿನ ಕಿವಿಗೆ ಅದು ಬೀಳುವುದು ಕಷ್ಟ. 1978ರ ಬಡ್ಡಿ ಕಾಯಿದೆಯ ಪ್ರಕಾರ, ಕೊಡಬೇಕಾದ ದಿನಾಂಕ ಕರಾರಿನಲ್ಲಿ ನಿಗದಿಯಾಗಿರದಿದ್ದರೆ, ಬಡ್ಡಿಯನ್ನೂ ಕೇಳಿ ಕೊಟ್ಟ ಲಿಖಿತ ನೋಟಿಸಿನಲ್ಲಿ ಹೇಳಿದ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಹನ್ನೊಂದು-ಹನ್ನೆರಡನೆಯ ಶತಮಾನದ ವ್ಯಾಖ್ಯಾನಕಾರ ವಿವರಿಸಿದ ‘ಕೇಳಿದ ದಿನ’ದ ಮಹತ್ವ ಹೀಗೆ ಬೇರೊಂದು ದಾರಿಯಿಂದ ಇಂದಿನ ಕಾನೂನಿಗೂ ಬಂದಿದೆ. ಆದ್ದರಿಂದ ಮನೆ ಬಿಟ್ಟ ದಿನವೇ ಕೀಲಿ ಒಪ್ಪಿಸಿದ್ದಕ್ಕೆ ಬರಹದಲ್ಲಿ ಸಹಿ ಪಡೆದು, ಕೋಣೆಗಳ ಮತ್ತು ವಿದ್ಯುತ್ ಮೀಟರಿನ ಚಿತ್ರ ತೆಗೆದಿಟ್ಟು, ಕೊಟ್ಟ ಠೇವಣಿ ಎಷ್ಟು, ಒಪ್ಪುವ ಕಡಿತ ಎಷ್ಟು, ಯಾವ ದಿನದೊಳಗೆ ಕೊಡಬೇಕು, ತಪ್ಪಿದರೆ ಬಡ್ಡಿ ಎಷ್ಟು ಎಂದು ಒಂದು ಪುಟದ ಪತ್ರ ಬರೆದು, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಂಪನಿಯ ನೋಂದಾಯಿತ ಕಚೇರಿಗೆ ಕಳಿಸುವುದು ಬೆಂಗಳೂರಿಗೆ ನಾಲ್ಕು ಬಾರಿ ಹೋಗಿ ಬರುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಪತ್ರ ಕನ್ನಡದಲ್ಲಿದ್ದರೂ ಆದೀತು. ಮೊಬೈಲಿನ ಸಂದೇಶಗಳೂ ಸಾಕ್ಷ್ಯವಾಗುತ್ತವೆ. ನ್ಯಾಯಾಲಯದಲ್ಲಿ ಅವಕ್ಕೆ ನಿಗದಿತ ಪ್ರಮಾಣಪತ್ರ ಬೇಕು. ನಗದಾಗಿ ಕೊಟ್ಟು ರಸೀದಿ ಪಡೆಯದ ಠೇವಣಿಯದೇ ನಿಜವಾದ ಕಷ್ಟ.

ಉತ್ತರ ಬರದಿದ್ದರೆ ಮುಂದೆಲ್ಲಿಗೆ ಹೋಗಬೇಕು ಎಂಬುದು ಪಡೆದದ್ದು ಮನೆಯೋ, ವಸತಿಯೋ ಎಂಬುದನ್ನು ಅವಲಂಬಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಸೇವೆ’ ಎಂಬುದರ ಅರ್ಥದೊಳಗೆ ಊಟ-ವಸತಿ ಹೆಸರು ಹಿಡಿದೇ ಬಂದಿದೆ. ಪೇಯಿಂಗ್ ಗೆಸ್ಟ್ ಕೋಣೆ, ಹಾಸ್ಟೆಲುಗಳಲ್ಲಿ ಇದ್ದ ವಿದ್ಯಾರ್ಥಿ, ನೌಕರರು ಆದ್ದರಿಂದ ಗ್ರಾಹಕ ಆಯೋಗಕ್ಕೆ ಹೋಗಬಹುದು. ದೂರದ ತಾಲ್ಲೂಕಿನವರಿಗೆ ಇದರಲ್ಲೊಂದು ದೊಡ್ಡ ಅನುಕೂಲ: ಹಳೆಯ 1986ರ ಕಾಯಿದೆಯಲ್ಲಿಲ್ಲದ ಅವಕಾಶವಾಗಿ, ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಊರಿಗೆ ಮರಳಿರುವ ಅಫಜಲಪುರದ ಹುಡುಗಿ ಬೆಂಗಳೂರಿನ ಹಾಸ್ಟೆಲಿನ ಮೇಲೆ ಕಲಬುರಗಿಯಲ್ಲೇ ದೂರು ದಾಖಲಿಸಬಹುದು. ಬರಬೇಕಾಗುವುದು ಆ ಕಂಪನಿ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಬರೀ ಮನೆಯನ್ನು ಬಾಡಿಗೆಗೆ ಪಡೆದಿದ್ದರೆ ಈ ದಾರಿ ಅಷ್ಟು ಸಲೀಸಲ್ಲ. ಮಾಲೀಕ-ಬಾಡಿಗೆದಾರರ ವ್ಯಾಜ್ಯ ಸೇವೆಯಲ್ಲವೆಂದು ಆಯೋಗಗಳು ದೂರನ್ನು ಹಿಂದಿರುಗಿಸಬಹುದು. ಆಗ ಸಿವಿಲ್ ನ್ಯಾಯಾಲಯವೇ ಗತಿ; ಅದೂ ಕಂಪನಿ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ‘ಠೇವಣಿ ಬರುವವರೆಗೆ ಮನೆ ಬಿಡುವುದಿಲ್ಲ’ ಎಂದು ಕೂರುವ ಉಪಾಯ ಅನೇಕರಿಗೆ ಹೊಳೆಯುತ್ತದೆ. ಅದು ದುಬಾರಿಯಾಗಬಹುದು, ಕೂತಷ್ಟು ದಿನದ ಬಾಡಿಗೆ ಅದೇ ಠೇವಣಿಯಿಂದ ಕರಗುತ್ತ ಹೋಗುತ್ತದೆ. ಮಹಾರಾಷ್ಟ್ರದಲ್ಲಂತೂ ‘ಲೀವ್ ಅಂಡ್ ಲೈಸೆನ್ಸ್’ ಅವಧಿ ಮುಗಿದ ಮೇಲೂ ಉಳಿದರೆ ಎರಡು ಪಟ್ಟು ತೆರಬೇಕೆಂದು ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯಿದೆಯೇ ಹೇಳುತ್ತದೆ.

ಆದರೆ ಪುಣೆ, ಸೊಲ್ಲಾಪುರಕ್ಕೆ ಹೋಗುವ ಆಳಂದ, ಅಫಜಲಪುರದ ಕಡೆಯವರು ತಿಳಿದಿರಬೇಕಾದ ಇನ್ನೊಂದು ಮಾತು ಅದೇ ಕಾಯಿದೆಯ 55ನೆಯ ಕಲಮಿನಲ್ಲಿದೆ. ಅಲ್ಲಿ ಬಾಡಿಗೆಯ ಕರಾರನ್ನು ಬರೆದು ನೋಂದಾಯಿಸುವ ಹೊಣೆ ಮಾಲೀಕನದು. ಹಾಗೆ ಮಾಡದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ತಪ್ಪೆಂದು ಸಾಧಿಸುವ ಭಾರ ಮಾಲೀಕನ ಮೇಲೆ. ಕರ್ನಾಟಕದಲ್ಲಿ ಕಾಗದವಿಲ್ಲದ ಬಾಡಿಗೆದಾರ ಒದ್ದಾಡುತ್ತಾನೆ, ಗಡಿ ದಾಟಿದರೆ ಕಾಗದ ಮಾಡದ ಮಾಲೀಕ ಒದ್ದಾಡಬೇಕು.

ಇಷ್ಟೆಲ್ಲದರ ನಡುವೆ ಊರ ಹತ್ತಿರವೇ ಇರುವ ಒಂದು ಬಾಗಿಲು ಅನೇಕರ ಕಣ್ಣಿಗೆ ಬೀಳುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ತಾಲ್ಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಆದಾಯವೆಷ್ಟೆಂದು ಕೇಳದೆ ಉಚಿತ ನೆರವು ಸಿಗಬೇಕು. ಉಳಿದವರಿಗೆ ಆದಾಯದ ಮಿತಿಯುಂಟು. ನೋಟಿಸು ಬರೆಸುವುದಕ್ಕೂ ಆ ನೆರವು ಕೇಳಬಹುದು. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಕೊಡುವುದಕ್ಕೂ ಅವಕಾಶವಿದೆ. ಕಂಪನಿ ಬಂದು ರಾಜಿಗೆ ಒಪ್ಪಿದರೆ ಆ ತೀರ್ಮಾನಕ್ಕೆ ಸಿವಿಲ್ ಡಿಕ್ರಿಯ ಬಲವಿರುತ್ತದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಬಾರದಿದ್ದರೆ ಎಳೆದುತರುವ ಅಧಿಕಾರ ಅದಾಲತ್ತಿಗಿಲ್ಲ. ಆದರೂ ಆಳಂದದ ನ್ಯಾಯಾಲಯದ ಮೊಹರಿರುವ ಲಕೋಟೆ ಬೆಂಗಳೂರಿನ ಕಚೇರಿಯ ಮೇಜಿನ ಮೇಲೆ ಬಿದ್ದಾಗ, ಅಲ್ಲಿಯವರೆಗೆ ಸಿಗದಿದ್ದ ಲೆಕ್ಕಪತ್ರ ವಿಭಾಗ ಕೆಲವೊಮ್ಮೆ ತಾನಾಗಿಯೇ ಫೋನು ಮಾಡುವುದುಂಟು.